ಕಚ್ಚದ ಚಪ್ಪಲಿ

ಫೆಬ್ರವರಿ ೨೦

ಮೊಳೆ,

ಈ ಭೂಮಿಯ ಮೇಲೆ ಎರಡು ಕಾಲಲ್ಲಿ ನಡೆಯುವವರಲ್ಲಿ ಅರ್ಧ ಜನ ನಾನು ಹೊಲಿದ ಚಪ್ಪಲಿಯ ಮೇಲೆ ನಡೆಯುತ್ತಿದ್ದಾರೆ. ಉಳಿದರ್ಧ ಜನ ಬರಿಗಾಲಲ್ಲಿ ನಿಂತು, ನನ್ನ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕಾಯುತ್ತಿದ್ದಾರೆ. ಅಂಥವನ ಅಕ್ಕನ ಮಗಳು ನೀನು. ಎಂಟು ವರ್ಷದವಳಿದ್ದಾಗಿನಿಂದ ನನ್ನ ಕಾಲ ಬಳಿ ಕುಳಿತು, ಬಗ್ಗಿದ ಮೊಳೆ ಬೇರೆ, ನೆಟ್ಟಗಿನ ಮೊಳೆ ಬೇರೆ ಮಾಡಿ ಡಬ್ಬಿಗೆ ತುಂಬಿ, ಕೊನೆಗೆ ಮೊಳೆ ಎಂದೇ ಹೆಸರು ಪಡೆದವಳು. ಈಗ ಸಮುದ್ರ ದಾಟಿ ಯಾರ‍್ಯಾರದೋ ಕಾಲು ತೊಳೆಯಲು ಹೋಗಿದ್ದೀಯ. ನೋಡಿದವರು ನಮ್ಮ ಮನೆಯಲ್ಲಿ ಕಾಲುಗಳಿಗೆ ಬರ ಬಂದಿತ್ತು ಅಂದುಕೊಳ್ಳಬೇಕು.

ನಾನು ಬೈಬಲ್ ಓದಿಲ್ಲದವನಲ್ಲ. ಯೇಸುಸ್ವಾಮಿ ಕಾಲು ತೊಳೆದದ್ದು ಒಂದು ಸಂಜೆ. ಹನ್ನೆರಡು ಜನಕ್ಕೆ ತೊಳೆದು, ಟವಲು ಬಿಟ್ಟು ಎದ್ದ. ಮಾರನೆಯ ದಿನವೂ ಬಕೆಟ್ ಹಿಡಿದು ಬಂದ ಎಂದು ಎಲ್ಲೂ ಬರೆದಿಲ್ಲ. ನೀನು ಅವನಿಗಿಂತ ದೊಡ್ಡವಳಾದೆಯಾ? ಅದೂ ಎಂಥವರಿಗೆ? ನೀನು ‘ನೀರು’ ಅಂದರೆ ಅವರಿಗೆ ತಿಳಿಯದು, ಅವರು ‘ಸಾಕು’ ಅಂದರೆ ನಿನಗೆ ತಿಳಿಯದು.

ಒಂದು ವರ್ಷ ಸೇವೆ ಮಾಡಿ ನೋಡು, ಒಗ್ಗಿದರೆ ಸಿಸ್ಟರ್ ಆಗು, ಒಗ್ಗದಿದ್ದರೆ ಮನೆಗೆ ಹೋಗು ಎಂದಿದ್ದಾರಂತೆ ನಿಮ್ಮ ಮದರ್. ಪುಣ್ಯಾತ್ಗಿತ್ತಿ, ಬಟ್ಟೆ ಅಂಗಡಿಯವರೂ ಅಷ್ಟು ದಿನ ವಾಪಸ್ ತೆಗೆದುಕೊಳ್ಳುವುದಿಲ್ಲ. ನಾನು ಪಕ್ಕದ ಬೇಕರಿಯವನ ಜೊತೆ ಪಂಥ ಕಟ್ಟಿದ್ದೇನೆ. ‘ನೀನೇ ನೋಡ್ತಿರು, ಮುಂದಿನ ಫೆಬ್ರವರಿ ಒಂದನೇ ತಾರೀಕಿನೊಳಗೆ ನಮ್ಮ ಹುಡುಗಿ ಮೂಗು ಒರೆಸ್ಕೊಂಡು ಈ ಬಾಗಿಲಲ್ಲಿ ನಿಂತಿರ್ತಾಳೆ’ ಅಂದೆ. ‘ಅವಳು ನಿಮ್ಮ ಥರ ಅಲ್ಲ ಬಿಡಿ ಯಜಮಾನ್ರೇ, ಹಿಡಿದ ಕೆಲಸ ಬಿಡಲ್ಲ’ ಅಂದ, ಮೈದಾ ಮೆತ್ತಿದ ಮುಖದವನು. ಪಂಥ ದೊಡ್ಡದೇನಲ್ಲ, ಒಂದು ಡಜನ್ ಬನ್ನು.

ನನ್ನ ಬನ್ನು ಉಳಿಸು. ಬೇಗ ಬಾ.

ನಿನ್ನ ಮಾವ

*

ಮಾರ್ಚ್ ೨೮

ಮಾವ,

ನಿಮ್ಮ ಬನ್ನು ಹಳಸಿ ಹೋಗುತ್ತದೆ. ಬೇಕರಿಯವರಿಗೆ ನನ್ನ ವಂದನೆ ಹೇಳಿ.

ಇಲ್ಲಿ ಮೂವತ್ತನಾಲ್ಕು ಜನ ಇದ್ದಾರೆ. ವಯಸ್ಸಾದವರು. ಉದ್ದನೆಯ ಒಂದು ಓಣಿ, ಎರಡೂ ಕಡೆ ಮಂಚ, ಕೊನೆಯಲ್ಲಿ ಪ್ರಾರ್ಥನೆಯ ಕೋಣೆ. ಬೆಳಿಗ್ಗೆ ನೆಲ ಒರೆಸುತ್ತೇನೆ, ಸಂಜೆ ಬೇಸಿನ್ನಿನಲ್ಲಿ ನೀರು ತುಂಬಿ ಅವರ ಕಾಲು ನೆನೆಸಿ ತೊಳೆಯುತ್ತೇನೆ. ಪ್ರಾರ್ಥನೆಯಲ್ಲಿ ಬಾಯಿ ಆಡಿಸುತ್ತೇನೆ, ಮಾತು ಬರುವುದಿಲ್ಲ. ‘ಆಮೆನ್’ ಬಂದಾಗ ಮಾತ್ರ ಎಲ್ಲರಿಗಿಂತ ಜೋರಾಗಿ ಕೂಗುತ್ತೇನೆ, ಅದೊಂದು ಎರಡೂ ಕಡೆ ಒಂದೇ.

ದೊಡ್ಡ ಊರಿನ ಭಕ್ತರು ಮೂಟೆಗಟ್ಟಲೆ ಹಳೆಯ ಶೂಗಳನ್ನು ದಾನ ಕಳಿಸುತ್ತಾರೆ. ಮೊನ್ನೆ ಬಂದ ಮೂಟೆಯಲ್ಲಿ ಬೆಳ್ಳಿ ಬಣ್ಣದ ಎತ್ತರದ ಹಿಮ್ಮಡಿಯ ಚಪ್ಪಲಿ ಏಳು ಜೊತೆ, ಮಕ್ಕಳ ಬೂಟು, ಒಂಟಿ ಶೂ ಒಂಬತ್ತು. ದಾನ ಮಾಡಿದವರ ಹೆಸರು ಮಾತ್ರ ಮೂಟೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಎತ್ತರದ ಹಿಮ್ಮಡಿ ಹಾಕಿಕೊಂಡು ನಮ್ಮ ಅಜ್ಜಂದಿರು ಎಲ್ಲಿಗೆ ಹೋಗಬೇಕು?

ಅದಕ್ಕೇ ಒಂದು ಉಪಕಾರ ಕೇಳುತ್ತೇನೆ. ಇಲ್ಲೊಬ್ಬರಿದ್ದಾರೆ, ಹಿಂದೆ ಇಪ್ಪತ್ತಾರು ವರ್ಷ ಊರೂರು ನಡೆದು ಟಪಾಲು ಹಂಚಿದವರು. ನಾನು ಅಂಚೆಯಣ್ಣ ಎನ್ನುತ್ತೇನೆ. ಅವರಿಗೆ ಅದರ ಅರ್ಥ ಗೊತ್ತಿಲ್ಲ, ಆದರೂ ಕರೆದರೆ ತಿರುಗುತ್ತಾರೆ. ನಮ್ಮ ಕಾಗದಗಳನ್ನು ಅಂಚೆ ಕಚೇರಿಗೆ ಒಯ್ಯುವುದೂ ತರುವುದೂ ಈಗಲೂ ಅವರೇ, ಬೇರೆಯವರು ಮುಟ್ಟಿದರೆ ಸಿಟ್ಟು. ಬರಿಗಾಲಲ್ಲಿ ಹೋಗುತ್ತಾರೆ. ಕಂದು ಕಾಗದದ ಮೇಲೆ ಅವರ ಎರಡೂ ಪಾದಗಳ ಅಳತೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಎರಡೂ ಬೇರೆ ಬೇರೆ. ದಯವಿಟ್ಟು ಬರೆದ ಹಾಗೆಯೇ ಕತ್ತರಿಸಿ.

ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಎಂದು ಹೇಳಿ. ಇಲ್ಲಿನ ಬೇರೆ ವಿಷಯ ಏನೂ ಹೇಳಬೇಡಿ.

ನಿಮ್ಮ ಮೊಳೆ

*

ಏಪ್ರಿಲ್ ೧೯

ಮೊಳೆ,

ಬೇರೆ ವಿಷಯ ಏನೂ ಬರೆದೇ ಇಲ್ಲ, ಇನ್ನು ಹೇಳುವುದೇನು?

ನಿನ್ನ ಚಿತ್ರ ಬಂತು. ಅಂಗಡಿಗೆ ಬಂದವರಿಗೆಲ್ಲ ತೋರಿಸಿ ಒಂದು ವಾರ ನಕ್ಕೆ. ಬಲಗಾಲು ಹೇಗೋ ಕಾಲಿನ ಹಾಗಿದೆ. ಎಡಗಾಲು ಬರೆಯುವಾಗ ನಿದ್ದೆ ಬಂದಿತ್ತೇ? ಹೆಬ್ಬೆರಳು ಮಾಯ, ಅದರ ಪಕ್ಕದ್ದೂ ಮಾಯ, ಪಾದ ಒಳಗೆ ಬಾಗಿ ಗೇರುಬೀಜದ ಹಾಗಿದೆ. ಶಾಲೆಯಲ್ಲಿ ನೀನು ಹಸು ಬರೆದು ಕೆಳಗೆ ‘ಹಸು’ ಎಂದು ಬರೆಯದಿದ್ದರೆ ಮೇಷ್ಟ್ರಿಗೂ ತಿಳಿಯುತ್ತಿರಲಿಲ್ಲ, ನೆನಪಿದೆಯಾ? ಬೇಕರಿಯವನು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ‘ಇದು ಕಾಲೋ, ಅವರೂರಿನ ನಕ್ಷೆಯೋ?’ ಅಂದ.

‘ಬರೆದ ಹಾಗೆಯೇ ಕತ್ತರಿಸಿ’ ಅಂತೆ! ನಲವತ್ತು ವರ್ಷ ಚರ್ಮ ಕೊಯ್ದವನಿಗೆ ನೆಲ ಒರೆಸುವವಳ ಬುದ್ಧಿವಾದ. ಕೇಳು, ಕಸುಬಿನವನು ಎಂದೂ ಎರಡು ಕಾಲಿನ ಅಳತೆ ತೆಗೆಯುವುದಿಲ್ಲ. ಒಂದು ಕಾಲು ಅಳೆದು, ಆ ಕಾಗದವನ್ನೇ ಮಗುಚಿ ಹಾಕಿದರೆ ಇನ್ನೊಂದು ಕಾಲು ಸಿದ್ಧ. ದೇವರೂ ಹಾಗೇ ಮಾಡಿದ್ದು, ಒಂದು ಮಾಡಿ ಮಗುಚಿದ. ನಿನ್ನ ಬಲಗಾಲಿನ ಚಿತ್ರ ಮಗುಚಿ ಹಾಕಿ ಎಡಗಾಲನ್ನು ಸರಿಪಡಿಸಿದ್ದೇನೆ. ನಿಮ್ಮ ಅಂಚೆಯಣ್ಣನಿಗೆ ಈ ಜನ್ಮದಲ್ಲಿ ಇಷ್ಟು ಚಂದದ ಎಡಗಾಲು ಇರಲಿಲ್ಲ ಎಂದು ಹೇಳು.

ಎರಡು ಪದರದ ಅಟ್ಟೆ, ಮೇಲೆ ಅಗಲ ಪಟ್ಟಿ, ಮೇಣದ ದಾರದ ಹೊಲಿಗೆ. ಮೊದಲ ಎಂಟು ದಿನ ಕಚ್ಚುತ್ತದೆ. ಕಚ್ಚಲಿ. ಕಚ್ಚದ ಚಪ್ಪಲಿ ಚಪ್ಪಲಿಯೇ ಅಲ್ಲ, ಅದು ಕಾಲಿಗೆ ಸುತ್ತಿದ ಬಟ್ಟೆ. ಕಚ್ಚಿದ ಜಾಗಕ್ಕೆ ಎಣ್ಣೆ ಹಚ್ಚಲು ಹೇಳು. ಹೇಗೆ ಹೇಳುತ್ತೀಯೋ, ಆಮೆನ್ ಅಂತ ಕೂಗು.

ಬೇಕರಿಯವನು ಬನ್ನು ಸಾಲದು ಎಂದ. ಪಂಥ ನೂರು ರೂಪಾಯಿಗೆ ಏರಿದೆ. ಬರೀ ನೂರು.

ಮಾವ

*

ಜೂನ್ ೨

ಮಾವ,

ಚಪ್ಪಲಿ ಬಂತು. ಪೊಟ್ಟಣ ಬಿಚ್ಚಿದಾಗ ಚರ್ಮದ ವಾಸನೆಗೆ ನಿಮ್ಮ ಅಂಗಡಿಯಲ್ಲೇ ಕುಳಿತ ಹಾಗಾಯಿತು. ಸ್ವಲ್ಪ ಅತ್ತೆ. ಬೇಕರಿಯವರಿಗೆ ಇದನ್ನು ಹೇಳಬೇಡಿ.

ಅಂಚೆಯಣ್ಣ ಹಾಕಿಕೊಂಡು ಓಣಿಯುದ್ದ ಎರಡು ಸಲ ನಡೆದರು. ಪ್ರತಿ ಮಂಚದ ಮುಂದೆ ನಿಂತು ಪಾದ ಎತ್ತಿ ತೋರಿಸಿದರು. ಎಡಗಾಲಿನದು ಉದ್ದವಾಯಿತು ಅನಿಸಿತು, ಮುಂದೆ ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು. ಬಿಚ್ಚಿಸಲು ಹೋದರೆ ಕೈ ತಳ್ಳಿದರು. ಕಚ್ಚುತ್ತದೆಯೇ ಎಂದು ಬೆರಳಿನಿಂದ ಚಿವುಟಿ, ಮುಖ ಹಿಂಡಿ ಕೇಳಿದೆ. ಅರ್ಥವಾಗಿ ಜೋರಾಗಿ ನಕ್ಕರು. ಇಲ್ಲವೇ ಇಲ್ಲ ಎಂದು ತಲೆ ಆಡಿಸಿದರು. ಎದೆ ಮುಟ್ಟಿ, ಚಪ್ಪಲಿ ಮುಟ್ಟಿ, ಕೈಯನ್ನು ದೂರಕ್ಕೆ ಚಾಚಿದರು. ಅದು ನಿಮಗೆ ನಮಸ್ಕಾರ.

ನಾನು ಅವರ ಭಾಷೆಯ ಹನ್ನೊಂದು ಮಾತು ಕಲಿತಿದ್ದೇನೆ. ಈ ಕಾಗದ ಅಂಚೆ ಕಚೇರಿಗೆ ನಿಮ್ಮ ಚಪ್ಪಲಿಯ ಮೇಲೆಯೇ ಹೋಗುತ್ತಿದೆ.

ಮೊಳೆ

*

ಜೂನ್ ೨೪

ಮೊಳೆ,

ಕಚ್ಚಲಿಲ್ಲ! ಮೊದಲ ದಿನವೇ ಕಚ್ಚಲಿಲ್ಲ! ನಿನ್ನ ಕಾಗದವನ್ನು ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಬೋರ್ಡೂ ಹೊಸದು: ‘ಕಚ್ಚದ ಚಪ್ಪಲಿ ಇಲ್ಲಿ ಮಾತ್ರ. ಹೊರದೇಶಕ್ಕೂ ಕಳಿಸಲಾಗುವುದು.’ ಎದುರಿನ ದೊಡ್ಡ ಶೂ ಅಂಗಡಿಯ ಮ್ಯಾನೇಜರ್, ಆ ಟೈ ಕಟ್ಟಿದ ಸೌದೆ, ಬಂದು ಓದಿ, ‘ಇದೇನ್ರೀ, ಒಂದು ಜೊತೆ ಕಳಿಸಿ ಇಷ್ಟು ಕೊಚ್ಕೋತೀರಾ?’ ಅಂದ. ‘ನಿನ್ನ ಅಂಗಡಿ ಶೂ ಹಾಕ್ಕೊಂಡು ಚರ್ಚಿಗೆ ಹೋದವರು ಮೊಣಕಾಲೂರೋದೇ ಕಾಲುನೋವಿಗಪ್ಪಾ, ಭಕ್ತಿಗಲ್ಲ’ ಅಂದೆ. ಬಂದ ದಾರಿ ಹಿಡಿದ.

ಉದ್ದವಾಯಿತು ಅನ್ನುತ್ತೀಯಲ್ಲ, ನಿನಗೇನು ಗೊತ್ತು? ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸನ್ನು ಮೂರು ಸಲ ಓದಿದವನು ನಾನು. ಒಂದೇ ಸಲ ಓದಿ ದಾಟಿದವರಿಗೆ ಇಷ್ಟು ತಿಳಿದಿರಲು ಸಾಧ್ಯವೇ ಇಲ್ಲ. ಚರ್ಮ ನಡೆದಷ್ಟೂ ಒಗ್ಗುತ್ತದೆ. ದಿನಕ್ಕೆ ನಾಲ್ಕು ಮೈಲಿ ನಡೆಸು. ಕೂರಿಸಬೇಡ. ಕೂರಿಸಿ ಕೂರಿಸಿಯೇ ನೀವು ಸೇವೆ ಮಾಡುವವರು ಜನರನ್ನು ಮುದುಕರನ್ನಾಗಿ ಮಾಡುವುದು.

ನಿನ್ನಿಂದ ಅವನಿಗೆ ಸಿಕ್ಕಿದ್ದು ಬೇಸಿನ್ನಿನ ನೀರು. ನನ್ನಿಂದ ಸಿಕ್ಕಿದ್ದು ನಡಿಗೆ. ಯಾರದ್ದಮ್ಮ ದೊಡ್ಡ ಸೇವೆ? ಕಾಲು ತೊಳೆದವನ ಹೆಸರನ್ನು ಬರೆದಿಟ್ಟರು. ಆ ಹನ್ನೆರಡು ಜನರ ಚಪ್ಪಲಿ ಹೊಲಿದವನ ಹೆಸರು ಎಲ್ಲಿದೆ, ತೋರಿಸು ನೋಡೋಣ.

ಮಾವ

*

ಆಗಸ್ಟ್ ೩೦

ಮಾವ,

ಸುಮಾರು ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಬಂದಾಗಲೆಲ್ಲ ಬಾಯಿಗೆ ಬರುತ್ತಿದ್ದುದು ಕಾಗದಕ್ಕೆ ಹಾಕುವಂಥದ್ದಾಗಿರಲಿಲ್ಲ. ಈಗಲೂ ಅಲ್ಲ.

ಇದು ಕುಷ್ಠರೋಗ ಬಂದು ವಾಸಿಯಾದವರ ಮನೆ. ಅಮ್ಮ ಹೆದರುತ್ತಾಳೆ, ನೀವು ಊರಿಗೆಲ್ಲ ಡಂಗುರ ಹೊಡೆಯುತ್ತೀರಿ ಎಂದು ನಾನು ಬರೆಯಲಿಲ್ಲ. ರೋಗ ಹೋಗಿದೆ, ಇನ್ನು ಯಾರಿಗೂ ಅಂಟುವುದಿಲ್ಲ. ಆದರೆ ಅದು ಹೋಗುವಾಗ ಬೆರಳುಗಳನ್ನೂ ಪಾದದ ಸ್ಪರ್ಶವನ್ನೂ ಒಯ್ದಿದೆ. ಕೆಂಡ ತುಳಿದರೂ ತಿಳಿಯುವುದಿಲ್ಲ. ನಾನು ಬರೆದ ಎಡಗಾಲು ಸರಿಯಾಗಿಯೇ ಇತ್ತು. ಅವರಿಗೆ ಆ ಕಾಲಿನಲ್ಲಿ ಮೂರೇ ಬೆರಳು. ನೀವು ನಕ್ಕದ್ದು ಅದಕ್ಕೆ. ಚಪ್ಪಲಿ ಕಚ್ಚಲಿಲ್ಲ ಎಂದು ಬೋರ್ಡು ಬರೆಸಿದಿರಿ. ಅದು ಕಚ್ಚುತ್ತಲೇ ಇತ್ತು. ಅವರಿಗೆ ತಿಳಿಯಲಿಲ್ಲ, ಅಷ್ಟೆ.

ಪ್ರತಿ ಸಂಜೆ ಎಲ್ಲರ ಅಂಗಾಲು ದೀಪ ಹಿಡಿದು ನೋಡಬೇಕು, ಕೆಂಪಾಗಿದ್ದರೆ ನಡೆಯಲು ಬಿಡಬಾರದು. ಇದು ಇಲ್ಲಿನ ಮೊದಲ ನಿಯಮ. ನಿಮ್ಮ ಕಾಗದ ಬಂದ ಮೇಲೆ ಅವರನ್ನು ದಿನಕ್ಕೆ ನಾಲ್ಕು ಮೈಲಿ ನಡೆಸಿದೆ. ಚಪ್ಪಲಿ ಬಿಚ್ಚಲು ಅವರು ಬಿಡುತ್ತಿರಲಿಲ್ಲ, ಹನ್ನೊಂದು ದಿನ ಅವರ ಕಾಲು ತೊಳೆಯಲೂ ಇಲ್ಲ, ಅಂಗಾಲು ನೋಡಲೂ ಇಲ್ಲ. ಬೇರೆ ಯಾರ ಚಪ್ಪಲಿಯಾಗಿದ್ದರೂ ನೋಡುತ್ತಿದ್ದೆ. ಇದು ನಮ್ಮ ಮಾವನದಲ್ಲವೇ ಎಂದು ಬಿಟ್ಟೆ.

ಹನ್ನೆರಡನೆಯ ದಿನ ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಅಮ್ಮನ ಕಾಗದ ಮೇಲೆತ್ತಿ ಹಿಡಿದು, ನಗುತ್ತಾ ಬಂದರು. ಹಿಂದೆ ಎಡಗಾಲಿನ ಹೆಜ್ಜೆಗಳೆಲ್ಲ ಕೆಂಪಾಗಿದ್ದವು. ಅವರು ತಿರುಗಿ ನೋಡಿದರು. ನೆಲ ಕೊಳೆ ಮಾಡಿದೆನಲ್ಲ ಎಂದು ಕೈ ಮುಗಿದರು.

ಡಾಕ್ಟರ್ ಎರಡು ಮೂಳೆ ತೆಗೆದಿದ್ದಾರೆ. ಹುಣ್ಣು ಮಾಯದಿದ್ದರೆ ಮೊಣಕಾಲಿನ ಕೆಳಗೆ ಕತ್ತರಿಸುತ್ತಾರೆ. ಕಾಗದ ತರಲು ಈಗ ವ್ಯಾನಿನ ಡ್ರೈವರ್ ಹೋಗುತ್ತಾನೆ. ಅಂಚೆಯಣ್ಣ ಮಂಚದ ಮೇಲಿಂದ ಬಾಗಿಲು ನೋಡುತ್ತಿರುತ್ತಾರೆ.

ನನ್ನಂಥವಳು ಇಲ್ಲಿರಬಾರದು. ಮದರ್‌ಗೆ ಹೇಳಿದ್ದೇನೆ. ಜನವರಿ ಐದಕ್ಕೆ ಟಿಕೆಟ್ ಆಗಿದೆ. ನೀವು ಗೆದ್ದಿರಿ. ಬನ್ನು ಹೊಟ್ಟೆ ತುಂಬ ತಿನ್ನಿ.

*

ಸೆಪ್ಟೆಂಬರ್ ೧೮

ಬೆರಳಿಲ್ಲ ಎಂದು ಒಂದು ಸಾಲು ಬರೆಯಲು ನಿನಗೆ ಏನು ಅಡ್ಡ ಬಂದಿತ್ತು? ಶಾಯಿ ತುಟ್ಟಿಯಾಗಿತ್ತೇ? ಹಸುವಿನ ಕೆಳಗೆ ‘ಹಸು’ ಎಂದು ಬರೆದವಳು, ಇದರ ಕೆಳಗೆ ‘ಬೆರಳಿಲ್ಲ’ ಎಂದು ಬರೆಯಬಾರದಿತ್ತೇ? ಡಂಗುರ ಹೊಡೆಯುತ್ತೇನಂತೆ. ಹೊಡೆಯುತ್ತಿದ್ದೆ, ಹೌದು. ಹೊಡೆದಿದ್ದರೆ ಏನು ಹೋಗುತ್ತಿತ್ತು? ಕಾಲಂತೂ ಉಳಿಯುತ್ತಿತ್ತು.

ಬೋರ್ಡು ಇಳಿಸಿದ್ದೇನೆ. ಗಾಳಿಗೆ ಬಿತ್ತು ಎಂದು ಎಲ್ಲರಿಗೂ ಹೇಳಿದ್ದೇನೆ.

ಆ ಚಪ್ಪಲಿಗಳನ್ನು ವಾಪಸ್ ಕಳಿಸು. ಎರಡೂ. ತೊಳೆಯಬೇಡ.

ಬೇಕರಿಯವನಿಗೆ ನೀನು ಬರುವ ವಿಷಯ ಇನ್ನೂ ಹೇಳಿಲ್ಲ.

*

ಅಕ್ಟೋಬರ್ ೨೫

ಮಾವ,

ಚಪ್ಪಲಿಗಳನ್ನು ಕಳಿಸಿದ್ದೇನೆ. ತೊಳೆದಿಲ್ಲ. ಇಟ್ಟುಕೊಂಡು ಏನು ಮಾಡುತ್ತೀರೋ, ಗಾಜು ಹಾಕಿಸಿ.

ಕಾಲು ಕತ್ತರಿಸುವುದಿಲ್ಲವಂತೆ. ಹುಣ್ಣು ಮಾಯುತ್ತಿದೆ. ಪಾದ ಮೊದಲಿಗಿಂತ ಇನ್ನೂ ಗಿಡ್ಡವಾಗಿದೆ. ಸರಿಯಾದ ಚಪ್ಪಲಿ ಇದ್ದರೆ ನಡೆಯಬಹುದು, ಇಲ್ಲದಿದ್ದರೆ ಮತ್ತೆ ಹುಣ್ಣಾಗುತ್ತದೆ, ಆಗ ಕತ್ತರಿಸುವುದೇ ಎಂದು ಡಾಕ್ಟರ್ ಹೇಳಿದರು. ಈ ಊರಿನಲ್ಲಿ ಅಂಥ ಚಪ್ಪಲಿ ಹೊಲಿಯುವವರಿಲ್ಲ.

ಅವರ ಭಾಷೆಯಲ್ಲಿ ಕ್ಷಮಿಸಿ ಎನ್ನುವ ಮಾತನ್ನು ಅಡುಗೆಯವಳಿಂದ ಕಲಿತು, ಮಂಚದ ಬಳಿ ಮೊಣಕಾಲೂರಿ ಹೇಳಿದೆ. ಅಂಚೆಯಣ್ಣ ಗಂಭೀರವಾಗಿ ಕೇಳಿ, ನಾನು ಹೇಳಿದ್ದು ಸರಿಯಿಲ್ಲ ಎಂದು ತಿದ್ದಿದರು. ಮೂರು ಸಲ ಹೇಳಿಸಿದರು. ಮೂರನೆಯ ಸಲಕ್ಕೆ ತಲೆ ಆಡಿಸಿ, ನೀರು ಕೊಡು ಎಂದರು. ಬೇರೆಯವರು ಅಂಗಾಲು ನೋಡಲು ಬಂದರೆ ಈಗಲೂ ಕಾಲು ಎಳೆದುಕೊಳ್ಳುತ್ತಾರೆ. ನನಗೆ ಮಾತ್ರ ಕೊಡುತ್ತಾರೆ. ಎಂಥ ಮನುಷ್ಯರಪ್ಪ.

ನಾನು ಪೊಟ್ಟಣ ಕಟ್ಟುವುದನ್ನು ಕಂಡು ಕಾಗದ, ಪೆನ್ಸಿಲ್ ಕೇಳಿದರು. ಎರಡು ಅಂಗೈಗಳ ನಡುವೆ ಪೆನ್ಸಿಲ್ ಹಿಡಿದು ತಮ್ಮ ಪಾದಗಳ ಸುತ್ತ ತಾವೇ ಗೆರೆ ಎಳೆದರು. ಅರ್ಧ ದಿನ ಹಿಡಿಯಿತು. ಎಡಗಾಲು ಮುಗಿದಲ್ಲಿ ಪೆನ್ಸಿಲ್ ಊರಿ, ಟಪಾಲಿಗೆ ಮುದ್ರೆ ಒತ್ತುವ ಹಾಗೆ ಚುಕ್ಕೆ ಇಟ್ಟರು. ನಿಮಗೇ ಎಂದು ಕೈ ದೂರಕ್ಕೆ ಚಾಚಿದರು. ಅದೂ ಪೊಟ್ಟಣದಲ್ಲಿದೆ.

ಜನವರಿ ಹತ್ತಕ್ಕೆ ಮನೆಗೆ ಬಂದಿರುತ್ತೇನೆ.

ಮೊಳೆ

*

ಡಿಸೆಂಬರ್ ೪

ಮೊಳೆ,

ಪೊಟ್ಟಣದಲ್ಲಿ ಹೊಸ ಜೊತೆ ಇದೆ. ಜೊತೆ ಅಂದರೆ ಜೊತೆಯಲ್ಲ, ಒಂದು ಎಡ, ಒಂದು ಬಲ, ಒಂದಕ್ಕೊಂದು ಪರಿಚಯವಿಲ್ಲ.

ಹಳೆಯದನ್ನು ಹದಿನೈದು ದಿನ ಮುಂದಿಟ್ಟುಕೊಂಡು ಕುಳಿತಿದ್ದೆ. ಚಪ್ಪಲಿ ಮಾತಾಡುತ್ತದೆ, ಸವೆದ ಜಾಗ ನೋಡಿದರೆ ಹಾಕಿಕೊಂಡವನ ನಡಿಗೆ ಪೂರಾ ತಿಳಿಯುತ್ತದೆ. ಬಲಗಾಲಿನ ಅಟ್ಟೆ ಸಮ ಸವೆದಿದೆ. ಎಡಗಾಲಿನದು ಹೊರ ಅಂಚಿನಲ್ಲಿ ಕಾಗದದಷ್ಟು ತೆಳು. ಹೆಬ್ಬೆರಳಿನ ಜಾಗ ಹೊಸದರಂತೆ ಹಾಗೇ ಇದೆ. ಇಲ್ಲದ ಬೆರಳಿಗೆ ಅಟ್ಟೆ ಹೊಲಿದಿದ್ದೆ, ಮೊಳೆ. ಖಾಲಿ ಜಾಗಕ್ಕೆ ಪಾದ ಜಾರಿ ಜಾರಿ, ಪಟ್ಟಿ ಹೆಜ್ಜೆ ಹೆಜ್ಜೆಗೂ ಮಾಂಸ ಕೊಯ್ದಿದೆ. ಪಟ್ಟಿಯ ಒಳಗಿನ ಕಪ್ಪು ಕಲೆಯನ್ನು ಬೇಕರಿಯವನು ಬೂಟ್ ಪಾಲಿಶ್ ಅಂದುಕೊಂಡ. ನಾನು ಹೌದು ಅಂದೆ.

ಎರಡೇ ಕಾಲು ಬರೆಯಲು ಅರ್ಧ ದಿನ ತೆಗೆದುಕೊಂಡ ಆ ಮನುಷ್ಯನ ಗೆರೆಯನ್ನು ಈ ಸಲ ಒಂದು ಕೂದಲೆಳೆಯಷ್ಟೂ ತಿದ್ದಿಲ್ಲ. ಚುಕ್ಕೆ ಇಟ್ಟಲ್ಲಿ ಅಟ್ಟೆ ನಿಂತಿದೆ. ಒಳಗೆ ಮೆತ್ತನೆಯ ರಬ್ಬರು, ಎಲ್ಲೂ ಮೊಳೆಯಿಲ್ಲ, ಹೊಲಿಗೆಯ ಗಂಟು ಹೊರಗಿದೆ. ಎದುರಿನ ಟೈ ಕಟ್ಟಿದವನ ಬಳಿ ಹೋಗಿ ಆ ರಬ್ಬರು ಎಲ್ಲಿ ಸಿಗುತ್ತದೆ ಎಂದು ಕೇಳಬೇಕಾಯಿತು. ಕೇಳಿದೆ. ಅವನು ನಗದೆ ಹೇಳಿದ, ಅದೇ ಹೆಚ್ಚು ಉರಿಯಿತು.

ಈಗ ನಿನ್ನ ವಿಷಯ. ನಾಚಿಕೆಯಾಗುವುದಿಲ್ಲವೇ ನಿನಗೆ? ಒಬ್ಬನ ಕಾಲು ಹುಣ್ಣು ಮಾಡಿ, ಅವನು ಇನ್ನೂ ಮಂಚದ ಮೇಲೆ ಬಾಗಿಲು ನೋಡುತ್ತಿರುವಾಗ, ನನ್ನಂಥವಳು ಇಲ್ಲಿರಬಾರದು ಎಂದು ಟಿಕೆಟ್ ತೆಗೆಸುತ್ತೀಯಾ? ಇದು ಪಶ್ಚಾತ್ತಾಪವಂತೆ! ನಮ್ಮ ಕಸುಬಿನಲ್ಲಿ ಇದನ್ನು ಅರ್ಧ ಹೊಲಿದು ಅಂಗಡಿ ಮುಚ್ಚಿ ಓಡುವುದು ಅನ್ನುತ್ತಾರೆ. ನನ್ನ ಚಪ್ಪಲಿ ಅವನ ಪಾದದ ಮೇಲೆ ಹೇಗೆ ಕೂತಿದೆ ಎಂದು ಪ್ರತಿ ಸಂಜೆ ದೀಪ ಹಿಡಿದು ನೋಡುವವರು ಯಾರು? ವ್ಯಾನಿನ ಡ್ರೈವರೇ? ಅವನು ನಿನ್ನನ್ನು ಬಿಟ್ಟು ಬೇರೆಯವರಿಗೆ ಕಾಲು ಕೊಡುವುದಿಲ್ಲ ಎಂದು ನೀನೇ ಬರೆದಿದ್ದೀಯ. ಮೊದಲ ವಾರ ಅರ್ಧ ಗಂಟೆಗಿಂತ ಹೆಚ್ಚು ನಡೆಸಬೇಡ. ಎಲ್ಲಿ ಕೆಂಪಾದರೂ ಕಾಗದದ ಮೇಲೆ ಗುರುತು ಹಾಕಿ ಕಳಿಸು, ನಾನು ಇನ್ನೊಂದು ಹೊಲಿಯುತ್ತೇನೆ. ಅದೂ ಕೆಂಪಾದರೆ ಮತ್ತೊಂದು. ಉಳಿದ ಮೂವತ್ತಮೂರು ಜನರ ಕಾಲೂ ಬರೆದು ಕಳಿಸು. ಅವರ ಕೈಯಲ್ಲೇ ಬರೆಸು, ನಿನ್ನ ಚಿತ್ರ ನನಗೆ ಬೇಡ.

ಮನೆಗೆ ಬಂದರೆ ಬಾಗಿಲು ತೆಗೆಯುವುದಿಲ್ಲ. ನಿನ್ನಮ್ಮ ಅತ್ತರೂ ಇಲ್ಲ. ಅವಳಿಗೆ ಕುಷ್ಠದ ವಿಷಯ ನಾನೇ ಹೇಳಿದೆ. ಎರಡು ದಿನ ಒಲೆ ಹಚ್ಚಲಿಲ್ಲ. ಮೂರನೆಯ ದಿನ ‘ಅವಳು ಸರಿಯಾಗಿ ಊಟ ಮಾಡ್ತಾಳಂತಾ?’ ಅಂದಳು.

ಇನ್ನೊಂದು ಮಾತು. ಅರ್ಧ ಭೂಮಿ ನನ್ನ ಚಪ್ಪಲಿಯ ಮೇಲೆ ನಡೆಯುತ್ತದೆ ಎಂದು ಬರೆದಿದ್ದೆನಲ್ಲ, ಅದು ಸುಳ್ಳು. ಕಳೆದ ವರ್ಷ ನಾನು ಹೊಲಿದದ್ದು ಹದಿನಾಲ್ಕು ಜೊತೆ. ಉಳಿದದ್ದೆಲ್ಲ ಹರಿದ ಉಂಗುಷ್ಟ ಹೊಲಿದು ಕೊಟ್ಟದ್ದು. ಒಂದೇ ಒಂದು ಜೊತೆ ಸಮುದ್ರ ದಾಟಿತು, ಅದು ಮಾಡಿದ ಕೆಲಸ ನಿನಗೆ ಗೊತ್ತು.

ನಿನ್ನೆ ಬೇಕರಿಗೆ ಹೋಗಿ ಪಂಥ ಸೋತೆ ಎಂದು ದುಡ್ಡು ಎಣಿಸಿ ಕೊಟ್ಟೆ. ‘ಇನ್ನೂ ಎರಡು ತಿಂಗಳಿದೆಯಲ್ಲ ಯಜಮಾನ್ರೇ, ಇಷ್ಟು ಬೇಗ ಯಾಕೆ?’ ಅಂದ. ‘ನಮ್ಮ ಹುಡುಗಿ ಹಿಡಿದ ಕೆಲಸ ಬಿಡಲ್ಲ ಅಂತ ನೀನೇ ತಾನೇ ಹೇಳಿದ್ದು? ಮುಚ್ಕೊಂಡು ತಗೋ’ ಅಂದೆ. ತೆಗೆದುಕೊಂಡ. ಇನ್ನು ನೀನು ನಾಳೆಯೇ ಬಂದು ನಿಂತರೂ ಆ ಮೈದಾ ಮುಖದವನು ಒಂದು ಕಾಸು ವಾಪಸ್ ಕೊಡುವುದಿಲ್ಲ. ನೀನು ಬಂದರೆ ನನ್ನ ದುಡ್ಡು ಪೂರಾ ದಂಡ.

ಎಷ್ಟು ಎಂದು ನಿನಗೆ ಹೇಳಬಾರದು ಎಂದಿದ್ದೆ. ಡಜನ್ ಬನ್ನು ಅಂದದ್ದು ಸುಳ್ಳು, ನೂರು ಅಂದದ್ದೂ ಸುಳ್ಳು. ಮೊದಲ ದಿನವೇ, ನೀನು ಹೊರಟ ಸಂಕಟಕ್ಕೆ, ಹೊಲಿಗೆ ಮೆಷಿನ್ನಿಗೆಂದು ಆರು ವರ್ಷ ಕೂಡಿಟ್ಟದ್ದನ್ನೆಲ್ಲ ಅವನ ಮುಂದೆ ಕಟ್ಟಿದ್ದೆ. ಹದಿನೆಂಟು ಸಾವಿರದ ಆರುನೂರ ನಲವತ್ತು.

ಮಾವ